ಸೂಜಿಗೆಲ್ಲಿಯ ಸೂತಕ

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ಕೆಲವರಿಗೆ ಹೆದರಿಕೆಯಾಗುತ್ತದಂತೆ, ಕೆಲವರಿಗೆ ತಲೆ ಸುತ್ತುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಅದು ತಗ್ಗಿಲ್ಲ, ತಗ್ಗಬೇಕೆಂದು ನನಗೆ ಅನ್ನಿಸಿಯೂ ಇಲ್ಲ.

ಮೊನ್ನೆ ಶಿರಸಿಯಲ್ಲಿ ರಕ್ತದೊತ್ತಡ ತೋರಿಸಲು ಹೋದಾಗಲೂ ಹೀಗೇ ಆಯಿತು. ನನ್ನ ಮುಂದಿನ ಸರತಿಯವನಿಗೆ ನರ್ಸು ತೋಳು ಒರೆಸುತ್ತಿದ್ದಳು. ವಾಸನೆ ಬಂತು. ಆ ಹೊತ್ತಿಗೇ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು, ಎಲ್ಲ ನೋಡಿ, "ಅಜ್ಜಿ, ಮಳೆಗಾಲ ಹಿಡಿಯೋ ಮುಂಚೆ ಫ್ಲೂ ಜ್ವರದ ಇಂಜೆಕ್ಷನ್ ಒಂದು ತಗೊಳ್ಳಿ. ವರ್ಷಕ್ಕೊಂದು ಸಲ. ನಿಮ್ಮ ವಯಸ್ಸಿನವರಿಗೆ ಅದು ಬೇಕು" ಎಂದಳು.

"ತಗೊಂಡ್ರ ಜ್ವರ ಬರೂದಿಲ್ಲೇನ್ರೀ?" ಎಂದೆ.

"ಬರೋದೇ ಇಲ್ಲ ಅಂತ ನಾನು ಹೇಳೋದಿಲ್ಲ. ಬಂದರೂ ಆಸ್ಪತ್ರೆ ಸೇರೋವಷ್ಟು ಜೋರಾಗೋದು ಕಡಿಮೆ. ತೋಳು ಒಂದೆರಡು ದಿನ ನೋಯಬಹುದು."

ಸುಳ್ಳು ಹೇಳದ ಹುಡುಗಿ ಎಂದು ನನಗೆ ಇಷ್ಟವಾಯಿತು. ಆದರೆ ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಲ್ಲಿದ್ದ ನನ್ನ ಮಗ ಮಹೇಶ ಮಾತಾಡಿಬಿಟ್ಟ. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕೆಲಸ ಅವನಿಗೆ, ರಜೆಯಲ್ಲಿ ಬಂದಿದ್ದ. "ಇರ್ಲಿ ಬಿಡ್ರಿ ಡಾಕ್ಟ್ರ. ಅವ್ವ ಮನಿ ಬಿಟ್ಟು ಎಲ್ಲೂ ಹೋಗೂದಿಲ್ಲ. ಈ ವಯಸ್ಸಿನಾಗ ಸುಮ್ನ ಯಾಕ ಚುಚ್ಚಿಸ್ಕೋಬೇಕು?"

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತು ನನಗೆ ಹೊಸದಲ್ಲ. ಈ ವಯಸ್ಸಿನಾಗ ಯಾಕ. ಇದೇ ಮಾತನ್ನು ನಾನು ೧೯೫೮ರ ಮುಂಗಾರಿನಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಕೇಳಿದ್ದೆ. ಆಗ ಅದು ನನ್ನ ಅತ್ತೆಗೆ ಬಿದ್ದ ಮಾತು.

ಬನವಾಸಿಯ ಸೀಮೆಯಲ್ಲಿ, ವರದಾ ನದಿಯ ದಂಡೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು, ಆದರೆ ದಾರೂಬಂದಿ, ಅಂದರೆ ಸಾರಾಯಿಯ ನಿಷೇಧ, ಹಾಗೆಯೇ ಇತ್ತು. ಭತ್ತದ ಊರು. ಊರಿನವರೆಲ್ಲ ಹೊಳೆಯ ನೀರನ್ನೇ ಕುಡಿಯುತ್ತಿದ್ದರು. ನಮ್ಮ ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣ ಚನ್ನಬಸಪ್ಪನದು. ಊರಿನ ಅಕ್ಕಿಯನ್ನು ಗಾಡಿಯಲ್ಲಿ ಹೇರಿ ಶಿರಸಿಯ ಪೇಟೆಗೆ ಒಯ್ದು ಮಾರುವುದು ಅವನ ವ್ಯಾಪಾರ. ಮಾತು ಕಡಿಮೆ, ರುಮಾಲು ದೊಡ್ಡದು. ನನ್ನ ಗಂಡ ಹೊಲ ನೋಡಿಕೊಳ್ಳುತ್ತಿದ್ದ, ಅಣ್ಣನ ಎದುರು ಬಾಯಿ ತೆರೆಯುವ ಪೈಕಿಯಲ್ಲ.

ಅತ್ತೆಯ ಹೆಸರು ನೀಲವ್ವ. ಅರವತ್ತು ದಾಟಿದ್ದರೂ ಭತ್ತ ಕೇರಲು ಕೂತರೆ ನಾನು ಅವಳ ಸಮಕ್ಕೆ ಬರುತ್ತಿರಲಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರು ಕುಡಿಯುವವಳಲ್ಲ. ಪೂಜೆ ಮುಗಿಯಿತೋ, ಬಾಯಿಗೆ ಬೀಗವಿಲ್ಲ. ಅವಳ ವಾರಿಗೆಯ ಮುದುಕಿಯರು ಕಟ್ಟೆಯ ಮೇಲೆ ಕೂತು "ಶಿವಾ, ಯಾವಾಗ ಕರಕೋತಿಯಪ್ಪಾ" ಎಂದು ರಾಗ ಎಳೆದರೆ ನಮ್ಮತ್ತೆ, "ನಿನ್ನ ಕರಕೊಳ್ಳಲಿ ತಾಯಿ, ನನಗ ಅವಸರಿಲ್ಲ. ನನಗ ಇನ್ನೂ ಸಾಕಾಗಿಲ್ಲ" ಎನ್ನುತ್ತಿದ್ದಳು. ಮುದುಕಿಯೊಬ್ಬಳು ಬದುಕುವ ಆಸೆಯನ್ನು ಹೀಗೆ ಬಾಯಿಬಿಟ್ಟು ಹೇಳುವುದು ಊರಿಗೆ ನಾಚಿಕೆಯ ವಿಷಯ. ನನಗೆ ಅದನ್ನು ಕೇಳಿದರೆ ಖುಷಿಯಾಗುತ್ತಿತ್ತು.

ಅವಳಿಗೆ ಒಂದೇ ಒಂದು ಹೆದರಿಕೆ ಇತ್ತು, ಅದು ವಾಂತಿಭೇದಿ. ನನ್ನ ಮಾವ ಆ ಬೇನೆಯಲ್ಲೇ ಹೋಗಿದ್ದ. ಬೆಳಗ್ಗೆ ಹೊಲಕ್ಕೆ ಗಳೆ ಹೊಡೆಯಲು ಹೋದವನು ಸಂಜೆಗೆ ಗುರುತು ಸಿಗದ ಹಾಗೆ ಬತ್ತಿ ಹೋಗಿದ್ದನಂತೆ. ಒಮ್ಮೆ ಭತ್ತ ಕೇರುತ್ತ ನನಗೆ ಹೇಳಿದಳು: "ಗಿರಿಜಾ, ಸಾವು ಯಾರಿಗೂ ತಪ್ಪಿದ್ದಲ್ಲ. ಆದ್ರ ಆ ಸಾವು ನಾ ಕಂಡೇನಿ. ನನಗ ಅದು ಬ್ಯಾಡ. ಬ್ಯಾರೆ ಯಾವುದರ ಬರ್ಲಿ."

ಆ ವರ್ಷ ಬೇಸಿಗೆಯ ಕೊನೆಗೆ ಹಾವೇರಿ ಕಡೆಯಿಂದ ಕಾಲರಾ ಸುದ್ದಿ ಬರತೊಡಗಿತು. ಹೊಳೆಗೆ ಹೊಸ ನೀರು ಬಂದರೆ ಬೇನೆಯೂ ನಮ್ಮತ್ತ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಸಂಜೆ ತಳವಾರ ಡಂಗುರ ಹೊಡೆದ: ನಾಡಿದ್ದು ಸಾಲಿ ಪಡಸಾಲೆಯಲ್ಲಿ ಸರಕಾರದವರು ಕಾಲರಾ ಸೂಜಿ ಹಾಕುತ್ತಾರೆ, ಸಣ್ಣವರು ದೊಡ್ಡವರು ಎಲ್ಲ ಬರಬೇಕು. ಅತ್ತೆಯ ಮುಖ ನೋಡಬೇಕಿತ್ತು. ಹಬ್ಬಕ್ಕೆ ತವರಿನಿಂದ ಕರೆ ಬಂದ ಹಾಗೆ.

"ಹಾಕಿಸ್ಕೊಂಡ್ರ ಏನಾಕೈತಿ?" ಎಂದು ನನ್ನನ್ನು ಕೇಳಿದಳು. ನಾನು ತವರಿನಲ್ಲಿದ್ದಾಗ ಸಾಲೆಯಲ್ಲಿ ಅದೇ ಸೂಜಿ ಹಾಕಿಸಿಕೊಂಡವಳು. ಒಂದು ದಿನ ಜ್ವರ ಬರುತ್ತದೆ, ತೋಳಿನಲ್ಲಿ ಗಂಟು ಕಟ್ಟುತ್ತದೆ, ಎರಡು ದಿನ ಕೈ ಎತ್ತಲಾಗುವುದಿಲ್ಲ, ಅದರ ಶಕ್ತಿ ಆ ಒಂದು ಮಳೆಗಾಲಕ್ಕಷ್ಟೇ, ಮುಂದಿನ ವರ್ಷ ಮತ್ತೆ ಹಾಕಿಸಬೇಕು ಎಂದೆಲ್ಲ ಹೇಳಿದೆ. "ಕೂರಿಗಿ ಬಿತ್ತೂ ಹೊತ್ತಿನಾಗ ಎರಡು ದಿನ ಕೈ ಹೋದ್ರ ಕಷ್ಟ ಖರೆ. ಜೀವ ಹೋಗೂದಕ್ಕಿಂತ ಚಲೋ. ನಾ ಹಾಕಿಸ್ಕೋತೀನಿ" ಎಂದಳು. ಅವಳ ನಿರ್ಧಾರ ಅಲ್ಲಿಗೆ ಮುಗಿದಿತ್ತು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಊರು ಬೇರೆಯೇ ಕಥೆ ಕಟ್ಟಿತು.

ಮರುದಿನ ಓಣಿಯ ಹಿರಿಯರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತರು. ನಡುವೆ ಗೌಡರು, ಪಕ್ಕದಲ್ಲಿ ಭಾವ ಚನ್ನಬಸಪ್ಪ. ಸೂಜಿ ಚುಚ್ಚುವ ಮೊದಲು ತೋಳಿಗೆ ಸ್ಪಿರಿಟ್ಟು ಒರೆಸುತ್ತಾರೆ, ಸ್ಪಿರಿಟ್ಟೆಂದರೆ ಸಾರಾಯಿ ಎಂದು ಯಾರೋ ಹೇಳಿದ್ದರು. ಕೊರಳಲ್ಲಿ ಲಿಂಗ ಕಟ್ಟಿದವರ ಮೈಗೆ ಸಾರಾಯಿ ಸೋಂಕಬಹುದೇ ಎಂಬುದು ಪ್ರಶ್ನೆ.

"ಕುಡದ್ರ ಜೇಲು ಅಂತಾರ, ತೋಳಿಗೆ ಒರಸಿದ್ರ ಔಷಧ ಅಂತಾರ. ಎಂಥಾ ಸರಕಾರರಿ ಇದು!" ಎಂದು ಭಾವ ನಗಾಡಿದ. ಆಮೇಲೆ ಗಂಭೀರವಾಗಿ, "ನಮ್ಮ ಓಣಿ ಹೆಣ್ಮಕ್ಕಳು ಹೋಗೂದು ಬ್ಯಾಡ. ಅದರಾಗೂ ಹಿರೇರು, ಪೂಜಿ ಪುನಸ್ಕಾರ ಇರೋರು, ಅವರಂತೂ ಬ್ಯಾಡ" ಎಂದು ತೀರ್ಪು ಕೊಟ್ಟ. ಎಲ್ಲರೂ ಹೌದು ಹೌದು ಎಂದರು. ಊರಿನ ಮಠದ ಅಯ್ಯನವರನ್ನು ಒಂದು ಮಾತು ಕೇಳೋಣ ಎಂದು ಒಬ್ಬನಿಗೂ ತೋಚಲಿಲ್ಲ. ಹೆಂಗಸರನ್ನು ಕೇಳುವ ಮಾತಂತೂ ದೂರ.

ಅತ್ತೆ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಗೌಡ್ರ, ಒಂದು ಮಾತು. ಲಿಂಗವಂತರಿಗೆ ಸೂತಕಿಲ್ಲ ಅಂತ ನೀವ ಹೇಳ್ತೀರಿ. ಹಡದಾಗ ಸೂತಕಿಲ್ಲ, ಸತ್ತಾಗ ಸೂತಕಿಲ್ಲ, ಮುಟ್ಟಾದಾಗ ಸೂತಕಿಲ್ಲ. ಸೂಜಿಗೆಲ್ಲಿಂದ ಬಂತ್ರೀ ಸೂತಕ?"

ಗೌಡರು ಮೀಸೆಯ ಮೇಲೆ ಕೈಯಾಡಿಸಿದರು. ಭಾವನೇ, "ಅವ್ವಾ, ಒಳಗ ನಡಿ. ಗಣಮಕ್ಕಳು ಮಾತಾಡೂ ಜಾಗಾ ಇದು" ಎಂದ. ಹೆತ್ತವಳಿಗೆ, ಅವಳ ಮನೆಯ ಕಟ್ಟೆಯ ಮೇಲೆಯೇ.

ಸೂಜಿಯವರು ಬಂದ ದಿನ ಭಾವ ಗಾಡಿ ಕಟ್ಟಲಿಲ್ಲ. ಬೆಳಗ್ಗಿನಿಂದ ತಲಬಾಗಿಲಲ್ಲಿ ಕೂತ. ಸಾಲೆ ನಮ್ಮ ಮನೆಗೆ ನಾಲ್ಕು ಮನೆ ಆಚೆಗೆ. ನೀರು ಕಾಯಿಸುವ ಸ್ಟೋವಿನ ಸದ್ದು, ಹುಡುಗರ ಅಳು ಎಲ್ಲ ಕೇಳುತ್ತಿತ್ತು. ಬೇರೆ ಓಣಿಯವರು ಸಾಲುಹಚ್ಚಿ ಹಾಕಿಸಿಕೊಂಡರು. ಸಾಹೇಬನೊಬ್ಬ ಮನೆಮನೆಗೂ ಬಂದು ಕೇಳಿದಾಗ ಭಾವ ಕೂತಲ್ಲಿಂದಲೇ, "ನಮ್ಮ ಮನ್ಯಾಗ ಯಾರೂ ಹಾಕಿಸ್ಕೊಳ್ಳೋರಿಲ್ರೀ, ಮುಂದ ಹೋಗ್ರಿ" ಎಂದ. ಅತ್ತೆ "ನಾ ಇದ್ದೀನ್ರೀ" ಎಂದು ಒಳಗಿನಿಂದ ಕೂಗಿದಳು. ಸಾಹೇಬ ಒಮ್ಮೆ ಕತ್ತೆತ್ತಿ ನೋಡಿದ, ಭಾವನ ರುಮಾಲು ನೋಡಿದ, ಮುಂದೆ ಹೋದ. ಅಂಥವರ ಮೇಲೂ ನನಗೆ ಸಿಟ್ಟಿದೆ. ಯಾರು ಕೂಗಿದರು ಎಂದು ಕೇಳಲು ಎಷ್ಟು ಹೊತ್ತು ಹಿಡಿಯುತ್ತಿತ್ತು?

ಮಧ್ಯಾಹ್ನ ಗಾಳಿ ತಿರುಗಿ ಸ್ಪಿರಿಟ್ಟಿನ ವಾಸನೆ ನಮ್ಮ ಪಡಸಾಲೆಗೆ ಬಂತು. ಅತ್ತೆ ಒಳಹೊಸ್ತಿಲ ಮೇಲೆ ಕೂತಿದ್ದಳು. ಮೂಗೆಳೆದು, "ವಾಸನಿ ಇಲ್ಲೀತನಕ ಬಂತು ನೋಡು ಗಿರಿಜಾ. ಸೂಜಿ ಬರಲಿಲ್ಲ" ಎಂದಳು. ನಾನು ಮನೆಯ ಹಿಂದಿನ ಬಾಗಿಲಿನಿಂದ ಹೋಗೋಣ ಎಂದೆ. ಅಲ್ಲಿ ಭಾವನ ಹೆಂಡತಿ ಕುಟ್ಟಾಣಿ ಇಟ್ಟುಕೊಂಡು ಕೂತಿದ್ದಳು. ಅವಳಿಗೂ ಕಾವಲಿನ ಕೆಲಸ ಹಚ್ಚಿದ್ದ ಪುಣ್ಯಾತ್ಮ.

ಇದಾಗಿ ಒಂದು ವಾರದೊಳಗೆ ಭಾವ ಅಕ್ಕಿ ಹೇರಿಕೊಂಡು ಶಿರಸಿಗೆ ಹೋಗಿ ಬಂದ. ಬಂದವನು ಊಟ ಮಾಡದೆ ಕಂಬಳಿ ಹೊದ್ದು ಮಲಗಿದ. ಮೈ ಬಿಸಿಯಾಗಿತ್ತು. ಗಾಡಿಯ ಕುಲುಕಾಟಕ್ಕೆ ಮೈಕೈ ನೋವು ಎಂದ. ಮರುದಿನ ಬೆಳಗ್ಗೆ ಜ್ವರ ಇಳಿದಿತ್ತು, ಆದರೆ ರುಮಾಲು ಸುತ್ತಿಕೊಳ್ಳಲು ಹೋದವನ ಎಡಗೈ ಭುಜದ ಮೇಲೆ ಏಳಲಿಲ್ಲ. ಎರಡು ಸಲ ಪ್ರಯತ್ನಿಸಿ, ಹಲ್ಲು ಕಚ್ಚಿ, ರುಮಾಲನ್ನು ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡ. ನಾನು ಚಹಾ ಕೊಡಲು ಹೋದವಳು ನೋಡಿದೆ. ಅಂಗಿಯ ತೋಳು ಅಲ್ಲಿ ಸ್ವಲ್ಪ ಉಬ್ಬಿತ್ತು. ಆ ನೋವು ನನ್ನ ತೋಳಿಗೆ ಪರಿಚಯದ್ದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಆ ದಿನ ಕಣ್ಣಾರೆ ನೋಡಿದೆ.

ನೇರ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವಳು ರೊಟ್ಟಿಯ ಹಿಟ್ಟು ಕೈಯಲ್ಲಿದ್ದಂತೆಯೇ ಎದ್ದಳು.

ಕಟ್ಟೆಯ ಮೇಲೆ ಗೌಡರೂ ಇದ್ದರು. ಅತ್ತೆ ಮಗನ ಎದುರು ನಿಂತು, "ಚನ್ನಬಸು, ರುಮಾಲ ಯಾಕ ಸುತ್ಕೊಂಡಿಲ್ಲ?" ಎಂದಳು.

"ಸೆಕಿ ಭಾಳ ಐತಿ."

"ಎಡಗೈ ಮ್ಯಾಲೆತ್ತು ನೋಡೂಣು."

"ಯಾಕಬೇ? ಗಾಡಿ ಜಗ್ಗಿ ಕೈ ಉಳುಕೈತಿ."

ಅತ್ತೆ ಎರಡು ಬೆರಳನ್ನು ಅವನ ತೋಳಿನ ಮೇಲೆ ಮೆಲ್ಲಗೆ ಒತ್ತಿದಳು. ಭಾವ "ಅಯ್ಯಯ್ಯೋ" ಎಂದು ಕೂಗಿ ಸರಿದ. ಬಿಳಿ ಅಂಗಿಯ ಮೇಲೆ ಹಿಟ್ಟಿನ ಎರಡು ಬೆರಳು ಮೂಡಿದವು.

"ಇದು ಉಳುಕಲ್ಲ, ಸೂಜಿ. ನಿನ್ನ ಕೊಳ್ಳಾಗೂ ಲಿಂಗ ಐತೆಲ್ಲೋ?"

ಗೌಡರು ಹೊಳೆಯ ಕಡೆ ನೋಡತೊಡಗಿದರು. ಭಾವನ ಮುಖ ಕೆಂಪಾಯಿತು. ಸಿಕ್ಕಿಬಿದ್ದವನು ಆಗ ನಿಜ ಹೇಳಿದ. "ಹೌದು, ಹಾಕಿಸ್ಕೊಂಡೇನಿ. ನಾ ನಾಕು ಊರು ತಿರುಗಾಂವ. ನನಗ ಏನರ ಆದ್ರ ಮನಿ ಯಾರು ನಡಸ್ತಾರ? ನಿನಗ ಈ ವಯಸ್ಸಿನಾಗ ಯಾಕಬೇ ಅದು? ಇನ್ನ ಎಷ್ಟು ವರ್ಷ ಇರಾಕಿ ನೀ?"

ನನ್ನ ಗಂಡ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಅವನು ತಿರುಗಿ ಒಳಗೆ ಹೋದ.

ಅತ್ತೆ ಅಳಲಿಲ್ಲ. "ಹಂಗಂತ ಮೊದಲ ಹೇಳಬೇಕಿತ್ತಪ್ಪ. ಲಿಂಗಪ್ಪನ್ನ ಯಾಕ ನಡುವ ತಂದಿ?" ಎಂದು ಒಳಗೆ ಬಂದಳು. ಕೈ ತೊಳೆದುಕೊಂಡು, ಸೆರಗು ಬಿಗಿದು, "ನಡಿ ಗಿರಿಜಾ, ಹೋಗಿ ಬರೂಣು" ಎಂದಳು.

ದವಾಖಾನೆ ಇದ್ದ ಊರಿಗೆ ಹರದಾರಿಗೂ ಮೇಲೆ, ಮೂರು ಮೈಲಿಗಿಂತ ಹೆಚ್ಚಿನ ದಾರಿ. ಗಾಡಿ ಕೇಳಿದ್ದಕ್ಕೆ ಎತ್ತು ಕೂರಿಗೆಗೆ ಬೇಕು ಎಂದ ಭಾವ. ನಡೆದೇ ಹೋದೆವು. ರೋಹಿಣಿ ಮಳೆಯ ಮೋಡ ಕವಿದಿತ್ತು. ಬಿತ್ತಿದ ಹೊಲಗಳಲ್ಲಿ ಹಕ್ಕಿ ಕಾಯುವವರು "ಎಲ್ಲಿಗೆ ಹೊಂಟೀಯವ್ವಾ ನೀಲವ್ವಾ?" ಎಂದು ಕೂಗಿ ಕೇಳಿದರೆ, ಅವಳೂ ಅಷ್ಟೇ ದೊಡ್ಡ ಧ್ವನಿಯಲ್ಲಿ, "ಸೂಜಿ ಹಾಕಿಸ್ಕೊಳ್ಳಾಕ" ಎನ್ನುತ್ತಿದ್ದಳು. ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿದಳು. ಇದನ್ನು ಕೇಳಿದ ಜನ ಆಮೇಲೆ ಮರೆತು ಹೋದರಂತೆ!

ದವಾಖಾನೆಯ ಕಂಪೌಂಡರು ಒಳ್ಳೆಯವನೇ. ಕುಡಿಯಲು ನೀರು ಕೊಟ್ಟ, ಅದೂ ಕಾಯಿಸಿ ಆರಿಸಿದ ನೀರು. ಆದರೆ ಔಷಧ ನಿನ್ನೆಯೇ ತೀರಿದೆ, ಜನ ಬಹಳ ಬಂದರು, ಬರುವ ವಾರ ಶಿರಸಿಯಿಂದ ಬರುತ್ತದೆ, ಆಗ ಬನ್ನಿ ಎಂದ. ಅತ್ತೆ, "ನನ್ನ ಪಾಲಿಂದು ಒಂದು ತಗದಿಡ್ರೀ, ನೀಲವ್ವ ಅಂತ ನನ್ನ ಹೆಸರು" ಎಂದಳು. ಅವನು ಇಡುತ್ತೇನೆಂದ. ಔಷಧ ತೀರಿದ ಮೇಲೆ ನಾವು ಅವನ ಬಾಗಿಲಿಗೆ ಬಂದಿದ್ದೆವು. ಬರಬೇಕಾದ ಹೊತ್ತಿಗೆ ಸೂಜಿ ನಮ್ಮ ಬಾಗಿಲಿಗೇ ಬಂದಿತ್ತಲ್ಲ.

ಆ ವಾರ ಮಳೆ ಹಿಡಿಯಿತು. ಎಲ್ಲರೂ ಹಂಬಲಿಸಿದ ಮಳೆ, ನನಗೆ ಮಾತ್ರ ಅದರ ಸದ್ದು ಕೇಳಿದರೆ ಸಂಕಟ. ಹೊಳೆಗೆ ಕೆಂಪು ನೀರು ಬಂತು. ದವಾಖಾನೆಯ ದಾರಿಯ ಹಳ್ಳ ತುಂಬಿ ಹರಿಯಿತು. ನಾನು ನೀರು ಕಾಯಿಸಿ ಕೊಡುತ್ತಿದ್ದೆ, ಕಟ್ಟಿಗೆ ಹಾಳು ಎಂದು ಅದಕ್ಕೂ ಮನೆಯಲ್ಲಿ ಗೊಣಗಾಟ. ಹಳ್ಳ ಇಳಿದ ಕೂಡಲೇ ಹೋಗುವುದೆಂದು ಅತ್ತೆ ಸೀರೆ ಮಡಚಿಟ್ಟುಕೊಂಡಿದ್ದಳು. ಬೇನೆ ಮೊದಲು ಕೆಳಗಿನ ಓಣಿಗೆ ಬಂತು, ಆಮೇಲೆ ನಮ್ಮ ಓಣಿಗೆ. ಹಳ್ಳ ಇಳಿಯುವ ಮುನ್ನವೇ ಅತ್ತೆ ಮಲಗಿದಳು.

ಆ ದಿನವನ್ನು ನಾನು ಪೂರ್ತಿ ಬರೆಯಲಾರೆ. ನೀರು ಕೊಟ್ಟರೆ ವಾಂತಿ ಹೆಚ್ಚಾಗುತ್ತದೆ ಎಂದು ನೀರನ್ನೂ ತಡೆದರು. ನಾನು ಯಾರ ಮಾತೂ ಕೇಳದೆ ಚಮಚದಲ್ಲಿ ಕುಡಿಸಿದೆ. ಭಾವ ತನ್ನ ಸೂಜಿಯ ಧೈರ್ಯದಲ್ಲಿ ಒಳಗೂ ಹೊರಗೂ ಓಡಾಡಿದ, ಕಣ್ಣೀರೂ ಹಾಕಿದ. ಅವನು ಅತ್ತದ್ದು ನಿಜವೇ ಇರಬೇಕು. ಆದರೆ ಆ ಅಳು ಯಾರಿಗೆ ಬೇಕಿತ್ತು? ಮಧ್ಯಾಹ್ನದ ಮೇಲೆ ಅತ್ತೆಯ ಧ್ವನಿ ಕೀರಲಾಯಿತು. ನನ್ನ ಕೈ ಹಿಡಿದು, "ಅದ ಸಾವು ನೋಡು ಗಿರಿಜಾ" ಎಂದಳು. ದೀಪ ಹಚ್ಚುವ ಮೊದಲೇ ಹೋದಳು. ತಾನು ಬೇಡವೆಂದ ಒಂದೇ ಒಂದು ಸಾವು ಅವಳಿಗೆ ಬಂತು.

ಎಷ್ಟೋ ವರ್ಷಗಳ ಮೇಲೆ ಒಬ್ಬ ಡಾಕ್ಟರನ್ನು ಕೇಳಿದ್ದೆ, ಆ ಸೂಜಿ ಹಾಕಿಸಿದ್ದರೆ ಅವಳು ಖಂಡಿತ ಉಳಿಯುತ್ತಿದ್ದಳೇ ಎಂದು. ಆ ಕಾಲದ ಸೂಜಿಯನ್ನು ಅಷ್ಟು ನಂಬುವ ಹಾಗಿರಲಿಲ್ಲ, ಅರ್ಧದಷ್ಟು ಕಾವಲು ಎಂದು ಬೇಕಾದರೆ ಇಟ್ಟುಕೊಳ್ಳಿ ಎಂದರು. ಇರಲಿ. ಆ ಅರ್ಧ ಅವಳದಾಗಿತ್ತು. ಅದನ್ನು ಕಿತ್ತುಕೊಳ್ಳಲು ಇವರು ಯಾರು?

ಇಷ್ಟಕ್ಕೇ ಮುಗಿದಿದ್ದರೆ ಒಂದು ದಿನ ನನ್ನ ಸಿಟ್ಟೂ ತಣ್ಣಗಾಗುತ್ತಿತ್ತೇನೋ. ಅತ್ತೆಯ ಹೆಸರಿನಲ್ಲಿ ನಡೆದ ಶಿವಗಣಾರಾಧನೆಯ ದಿನ ಊರೆಲ್ಲ ಊಟಕ್ಕೆ ಕೂತಿತ್ತು. ಗೌಡರು ಎದ್ದು ನಿಂತು ನೀಲವ್ವನ ಗುಣಗಾನ ಮಾಡಿದರು: ಎಂಥ ಶರಣೆ, ಜೀವ ಹೋದರೂ ಮೈಗೆ ಸಾರಾಯಿ ಮುಟ್ಟಿಸಿಕೊಳ್ಳಲಿಲ್ಲ, ಸೂಜಿಯವರು ಮನೆಬಾಗಿಲಿಗೆ ಬಂದರೂ ಒಲ್ಲೆ ಅಂದಳು ತಾಯಿ! ಜನ ತಲೆದೂಗಿದರು. ಭಾವ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡ. ಆಗ ಅವನ ಎಡಗೈ ಚೆನ್ನಾಗಿಯೇ ಮೇಲೇಳುತ್ತಿತ್ತು.

ನಾನು ಅಡುಗೆಮನೆಯ ಬಾಗಿಲಿಗೆ ಬಂದು, ಸೌಟು ಕೈಯಲ್ಲಿ ಹಿಡಿದುಕೊಂಡೇ, "ಸುಳ್ಳು" ಎಂದೆ. ಪಂಕ್ತಿಯಲ್ಲಿದ್ದ ಕೈಗಳೆಲ್ಲ ನಿಂತವು. "ಆಕಿಗೆ ಬೇಕಾಗಿತ್ತು. ಹರದಾರಿ ನಡದು ಹೋಗಿ ಬಂದಾಳ. ಒಲ್ಲೆ ಅಂದಾಕಿ ಆಕಿ ಅಲ್ಲ, ನೀವು" ಎಂದೆ. ಹೊಸ ಸೊಸೆ, ದುಃಖಕ್ಕೆ ತಲೆ ಕೆಟ್ಟಿದೆ ಎಂದರು. ಒಳಗೆ ಕರೆದೊಯ್ಯಲು ನನ್ನ ಗಂಡ ಬಂದ. ಬಂದವನು ನನ್ನ ಕೈ ಹಿಡಿದು ಎಳೆಯಲಿಲ್ಲ, ನನ್ನ ಪಕ್ಕದಲ್ಲಿ ನಿಂತ. "ಆಕಿ ಅಂದದ್ದು ಖರೆ ಐತಿ" ಎಂದ. ಅಣ್ಣನ ಎದುರು ಅವನು ಆಡಿದ ಮೊದಲ ಮಾತು ಅದು. ತಡವಾಗಿತ್ತು, ಆದರೂ ಆ ಒಂದು ಮಾತಿಗೆ ನಾನು ಅವನೊಂದಿಗೆ ಬಾಳಿದೆ. ಆ ವರ್ಷದ ಸುಗ್ಗಿ ಮುಗಿಯುವುದರೊಳಗೆ ಮನೆ ಒಡೆಯಿತು, ನಾವು ಶಿರಸಿಗೆ ಬಂದೆವು.

ಕಥೆ ಮಾತ್ರ ಊರಿನಲ್ಲಿ ಉಳಿಯಿತು. ಈಗಲೂ ಆ ಕಡೆಯವರು ಸಿಕ್ಕರೆ, "ಸೂಜಿ ಒಲ್ಲೆ ಅಂದ ನೀಲವ್ವನ ಸೊಸಿ ಅಲ್ಲೇನ್ರೀ ನೀವು?" ಎಂದು ಕೈಮುಗಿಯುತ್ತಾರೆ. ಸತ್ತವಳಿಂದ ಜೀವದ ಜೊತೆ ಅವಳ ಮಾತನ್ನೂ ಕಸಿದುಕೊಂಡ ಜನ. ಸಿಕ್ಕಿದವರನ್ನೆಲ್ಲ ನಿಲ್ಲಿಸಿ ತಿದ್ದಿದ್ದೇನೆ. ತಿದ್ದಿಸಿಕೊಂಡವರು ಕಡಿಮೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ಕೂತಾಗ, ನನಗೂ ಅತ್ತೆಗೂ ಬಂದದ್ದು ಒಂದೇ ಕಾಲವೆಂದು ಅನ್ನಿಸಿತು. ಮಗನ ಕಡೆ ತಿರುಗಿದೆ.

"ಮಹೇಶಾ, ನೀ ಹಾಕಿಸ್ಕೊಂಡೀಯೇನು ಈ ಇಂಜೆಕ್ಷನ್ನು?"

ಅವನು ಮೊಬೈಲು ನೋಡಿದ, ಗೋಡೆ ನೋಡಿದ. "ಅದು... ಹೋದ ತಿಂಗಳ ಬ್ಯಾಂಕಿನಾಗ ಎಲ್ಲಾರಿಗೂ ಹಾಕಿದ್ರವ್ವಾ. ನಾವು ದಿನಾ ಜನರ ನಡುವ ಇರ್ತೀವಲ್ಲ..."

"ಚಲೋ ಆತು. ನನಗೂ ಇನ್ನೂ ಸಾಕಾಗಿಲ್ಲ" ಎಂದೆ. ಡಾಕ್ಟರಮ್ಮನಿಗೆ ನಗು ಬಂತು, ಮಗನಿಗೆ ಬರಲಿಲ್ಲ. ನಾನೇ ರವಿಕೆಯ ತೋಳು ಮೇಲೆ ಸರಿಸಿದೆ. ನರ್ಸು ಸ್ಪಿರಿಟ್ಟು ಒರೆಸಿದಳು. ಕೊರಳಿನ ಲಿಂಗ ತನ್ನ ಪಾಡಿಗೆ ಇತ್ತು.

ಮರುದಿನ ತೋಳು ನೋಯುತ್ತಿತ್ತು, ತಲೆ ಬಾಚಿಕೊಳ್ಳಲು ಕೈ ಮೇಲೆ ಏಳಲಿಲ್ಲ. ಹಾಲಿನವನು ಕೇಳಿದ, ಪಕ್ಕದ ಮನೆಯವಳು ಕೇಳಿದಳು, ಫೋನು ಮಾಡಿದ ಭಾವನ ಮೊಮ್ಮಗಳೂ ಕೇಳಿದಳು. ಸೂಜಿ ಹಾಕಿಸಿಕೊಂಡಿದ್ದೇನೆ ಎಂದು ಎಲ್ಲರಿಗೂ ದೊಡ್ಡ ಧ್ವನಿಯಲ್ಲೇ ಹೇಳಿದೆ.